ಬಟ್ಟಿ, ಮದ್ದು, ಮೂಲವ್ಯಾಧಿ: ಕಾಗಿಣಾ ಸೀಮೆಯ ಹೊಟ್ಟೆಬೇನೆಯ ಹೆಸರುಗಳು ಮತ್ತು ರೋಗವಿವೇಚನೆಯ ಚರಿತ್ರೆ

ಹೊಟ್ಟೆಬೇನೆಯ ಚರಿತ್ರೆಯನ್ನು ಕಟ್ಟಲು ಶಾಸನಗಳು ಅಷ್ಟಾಗಿ ನೆರವಾಗುವುದಿಲ್ಲ. ಅರಸರ ದಾನ, ವೀರರ ಮರಣ, ದೇವಾಲಯಗಳ ಜೀರ್ಣೋದ್ಧಾರಗಳು ಕಲ್ಲಿನ ಮೇಲೆ ನಿಂತಂತೆ ಜನಸಾಮಾನ್ಯರ ಕರುಳಿನ ನೋವು ನಿಂತಿಲ್ಲ. ಅದು ಉಳಿದಿರುವುದು ಮಾತಿನಲ್ಲಿ. ಒಂದು ಸೀಮೆಯ ಜನ ತಮ್ಮ ಬೇನೆಗಳಿಗೆ ಇಟ್ಟ ಹೆಸರುಗಳು, ಒಂದು ಬೇನೆಯನ್ನು ಇನ್ನೊಂದರಿಂದ ಬೇರ್ಪಡಿಸಲು ಬಳಸಿದ ಗುರುತುಗಳು, ಬೇನೆಯ ಹೊಣೆಯನ್ನು ಯಾರ ಮೇಲೆ ಹೊರಿಸಿದರು ಎಂಬ ಸಂಗತಿಗಳೇ ಇಂತಹ ಚರಿತ್ರೆಗೆ ಮುಖ್ಯ ಆಕರಗಳಾಗುತ್ತವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪ್ರದೇಶಗಳನ್ನು ಆಧರಿಸಿ ಈ ದಿಸೆಯಲ್ಲಿ ಕೆಲವು ವಿಚಾರಗಳನ್ನು ಮಂಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಸೀಮೆಯನ್ನು ಆಯ್ದುಕೊಳ್ಳಲು ಕಾರಣಗಳಿವೆ. ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಸೇಡಂ ತಾಲೂಕಿನಲ್ಲಿದೆ. ಜೈನ ವೈದ್ಯಪರಂಪರೆಯ ಒಂದು ಪ್ರಮುಖ ಘಟ್ಟ ಈ ರಾಜಧಾನಿಯ ಹೆಸರಿನೊಡನೆ ಬೆಸೆದುಕೊಂಡಿದೆ. ಬಹಮನಿಗಳ ಕಾಲದಿಂದ 1948ರವರೆಗೆ ಇಲ್ಲಿ ಪಾರ್ಸಿ, ಉರ್ದು ಆಡಳಿತ ಭಾಷೆಗಳಾಗಿದ್ದುದರಿಂದ ಯುನಾನಿ ಪರಿಭಾಷೆ ಕನ್ನಡದೊಳಗೆ ಸೇರಿತು. ಪೂರ್ವಕ್ಕೆ ತೆಲುಗು, ಪಶ್ಚಿಮಕ್ಕೆ ಮರಾಠಿ, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ ಮಾತುಗಳಿವೆ. ವಾಡಿ, ಶಹಾಬಾದಗಳಿಗೆ ರೈಲು ಮತ್ತು ಕಾರ್ಖಾನೆಗಳು ಬೇರೆ ಬೇರೆ ಪ್ರಾಂತಗಳ ಜನರನ್ನು ತಂದವು. ಹೀಗಾಗಿ ಒಂದೇ ಬೇನೆಗೆ ನಾಲ್ಕೈದು ಹೆಸರುಗಳು ಅಕ್ಕಪಕ್ಕದಲ್ಲಿ ಬದುಕಿರುವ ನೆಲ ಇದು.

ವಿಷಯದ ಒಳಗೆ ಹೋಗುವ ಮುನ್ನ ಇಂದಿನ ವೈದ್ಯಶಾಸ್ತ್ರ ಮಾಡುವ ಒಂದು ವಿಭಜನೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದೀರ್ಘಕಾಲ ಕಾಡುವ ಕರುಳಿನ ತೊಂದರೆಗಳಲ್ಲಿ ಎರಡನ್ನು ಅದು ಖಚಿತವಾಗಿ ಬೇರೆ ಮಾಡುತ್ತದೆ. ಮೊದಲನೆಯದು ಐಬಿಎಸ್, ಅಂದರೆ ಕೆರಳುವ ಕರುಳಿನ ತೊಂದರೆ. ಇದರಲ್ಲಿ ನೋವು, ಉಬ್ಬರ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಇದ್ದರೂ ಕರುಳಿನ ಒಳಗೋಡೆಯಲ್ಲಿ ಗಾಯವಾಗಲಿ ಹುಣ್ಣಾಗಲಿ ಕಾಣುವುದಿಲ್ಲ. ಕರುಳಿನ ಚಲನೆ, ಅದರ ಸಂವೇದನೆ, ಕರುಳು ಮತ್ತು ಮಿದುಳಿನ ನಡುವಣ ನರಸಂಪರ್ಕ ಇವುಗಳಲ್ಲಿ ವ್ಯತ್ಯಾಸವಿರುತ್ತದೆ. ಎರಡನೆಯದು ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ. ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ ಇದರ ಎರಡು ಮುಖ್ಯ ರೂಪಗಳು. ಇಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಹುಣ್ಣು, ರಕ್ತಸ್ರಾವ, ಜ್ವರ, ರಕ್ತಹೀನತೆ, ತೂಕ ಇಳಿಯುವುದು, ಗುದದ ಬಳಿ ನಾಳಹುಣ್ಣು ಇವು ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಬಾಳನ್ನು ಕಹಿ ಮಾಡಬಹುದು, ಆದರೆ ಪ್ರಾಣ ತೆಗೆಯದು, ಎರಡನೆಯದಾಗಿ ಮಾರ್ಪಡುವುದೂ ಇಲ್ಲ. ಎರಡನೆಯದನ್ನು ಗುರುತಿಸಲು ತಡವಾದರೆ ಕರುಳನ್ನೇ ಕತ್ತರಿಸಿ ತೆಗೆಯಬೇಕಾದ ಪ್ರಸಂಗ ಬರಬಹುದು. ಇಷ್ಟು ಅಂತರವಿರುವ ಎರಡು ಬೇನೆಗಳಿಗೆ ಮೂರಕ್ಷರದಲ್ಲಿ ಎರಡಕ್ಷರ ಒಂದೇ ಆಗಿರುವ ಹೆಸರುಗಳು ಬಂದಿರುವುದು ಆಧುನಿಕ ವೈದ್ಯಕೀಯ ನಾಮಕರಣದ ಒಂದು ಅವಾಂತರವೆಂದೇ ಹೇಳಬೇಕು.

ಪ್ರಶ್ನೆ ಇಷ್ಟು: ಕರುಳಿನೊಳಗೆ ಇಣುಕುವ ಸಾಧನವಿಲ್ಲದ ಕಾಲದಲ್ಲಿ ಕೆರಳಿದ ಕರುಳನ್ನೂ ಹುಣ್ಣಾದ ಕರುಳನ್ನೂ ಈ ಸೀಮೆಯ ಜನ ಬೇರೆಯೆಂದು ಕಂಡಿದ್ದರೇ? ಕಂಡಿದ್ದರೆ ಯಾವ ಗುರುತುಗಳಿಂದ?

ಹೆಸರುಗಳ ಸಾಕ್ಷ್ಯ

ಮೊದಲಿಗೆ ಮಾತುಗಳನ್ನು ಗಮನಿಸಬಹುದು. ಭೇದಿಗೆ ಈ ಭಾಗದಲ್ಲಿ ಬಳಕೆಯಲ್ಲಿರುವ ಜುಲಾಬು ಎಂಬ ಪದ ಪಾರ್ಸಿಯ ಗುಲಾಬ್ ಎಂಬುದರಿಂದ ಅರಬ್ಬಿಯ ಮೂಲಕ ಬಂದದ್ದು. ಹಕೀಮರ ಮಾತಿನಲ್ಲಿ ಅದು ಹೊಟ್ಟೆ ತೊಳೆಯುವ ಔಷಧಿ. ಕನ್ನಡಕ್ಕೆ, ಹಾಗೆಯೇ ಮರಾಠಿಗೆ ಬಂದಾಗ ಔಷಧಿಯ ಹೆಸರೇ ರೋಗದ ಹೆಸರಾಯಿತು. ರಕ್ತ ಅಥವಾ ಲೋಳೆ ಬೀಳುವ ಭೇದಿಗೆ ಉರ್ದುವಿನಲ್ಲಿ ಪೇಚಿಸ್ ಎನ್ನುತ್ತಾರೆ. ಪೇಚ್ ಎಂದರೆ ತಿರುಚು. ಮರಾಠಿಯ ಮುರಡಾ ಎಂಬುದರಲ್ಲಿಯೂ ತಿರುಚುವ ಅರ್ಥವೇ ಇದೆ. ಕನ್ನಡದಲ್ಲಿ ಹೊಟ್ಟೆ ನುಲಿಯುತ್ತದೆ. ಮೂರು ಭಾಷೆಗಳೂ ಬೇನೆಯನ್ನು ಹಗ್ಗ ಹೊಸೆಯುವ ಕ್ರಿಯೆಗೆ ಹೋಲಿಸಿವೆ. ತೆಲುಗಿನ ಜಿಗಟ ವಿರೇಚನಾಲು ಎಂಬುದು ಮಾತ್ರ ನೋವನ್ನು ಬಿಟ್ಟು ಮಲದ ಅಂಟುಗುಣವನ್ನು ಹೆಸರಾಗಿಸಿದೆ.

ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಆಮಶಂಕೆ ಎಂಬ ಪದ. ಆಮವೆಂದರೆ ಪಕ್ವವಾಗದೆ ಉಳಿದದ್ದು, ಲೋಳೆ. ಶಂಕೆ ಎಂಬುದು ಲಘುಶಂಕೆ, ದೀರ್ಘಶಂಕೆ ಎಂಬ ಸಭ್ಯ ಮಾತುಗಳಲ್ಲಿ ವಿಸರ್ಜನೆಯ ಒತ್ತಡವನ್ನು ಸೂಚಿಸುತ್ತದೆ. ಹೋಗಬೇಕೆನಿಸುವುದು, ಹೋದರೆ ಏನೂ ಆಗದಿರುವುದು, ಬಂದು ಕುಳಿತರೆ ಮತ್ತೆ ಹೋಗಬೇಕೆನಿಸುವುದು ಎಂಬ ಅನುಭವವನ್ನು ಈ ಒಂದೇ ಪದ ಹಿಡಿದಿಟ್ಟಿದೆ. ಶಂಕೆಗೆ ಸಂಶಯ ಎಂಬ ಅರ್ಥವೂ ಇದೆ. ಈ ಎರಡನೆಯ ಅರ್ಥಕ್ಕೆ ಹೊಟ್ಟೆಬೇನೆಯ ಸಾಮಾಜಿಕ ಚರಿತ್ರೆಯಲ್ಲಿ ಬಹಳ ಕೆಲಸವಿದೆ. ಅದನ್ನು ಮುಂದೆ ನೋಡಬಹುದು.

ಇವು ಲಕ್ಷಣಗಳ ಹೆಸರುಗಳು. ಕಾರಣವನ್ನು ಹೇಳುವ ಹೆಸರುಗಳು ಬೇರೆ. ಊರಿಗೆ ಊರೇ ವಾಂತಿಭೇದಿಯಿಂದ ಮಲಗಿದರೆ ಅದು ಗ್ರಾಮದೇವತೆಯ ಮುನಿಸು; ಪರಿಹಾರವೂ ಸಾಮೂಹಿಕ, ಊರ ಗಡಿಯವರೆಗೆ ಹೋಗಿ ಮಾಡುವಂಥದು. ಒಬ್ಬರನ್ನೇ ಹಿಡಿದು ತಿಂಗಳುಗಟ್ಟಲೆ ಬಿಡದ ಬೇನೆಗೆ ದೇವತೆ ಹೊಣೆಯಾಗುವುದು ಅಪರೂಪ. ಅಲ್ಲಿ ಮುಖ್ಯವಾಗಿ ಮೂರು ವಿವರಣೆಗಳು ಬರುತ್ತವೆ: ಬಟ್ಟಿ, ಮೂಲವ್ಯಾಧಿ, ಮದ್ದು.

ಬಟ್ಟಿ ಬೀಳುವುದು ಅಥವಾ ಸರಿಯುವುದು ಎಂದರೆ ಹೊಕ್ಕುಳಿನ ನಾಡಿ ತನ್ನ ಸ್ಥಾನ ಬಿಟ್ಟು ಜಾರುವುದೆಂಬ ನಂಬಿಕೆ. ಭಾರ ಎತ್ತುವುದು, ಕಾಲು ಜಾರುವುದು, ಅವಸರದ ನಡಿಗೆ ಇದಕ್ಕೆ ಕಾರಣವೆನ್ನುತ್ತಾರೆ. ಹೊಟ್ಟೆ ಗುಡುಗುಡಿಸುವುದು, ನುಲಿಯುವುದು, ಉಂಡ ಕೂಡಲೇ ಹೊರಕಡೆಗೆ ಓಡುವಂತಾಗುವುದು, ಕೆಲವೊಮ್ಮೆ ಕಟ್ಟಿಕೊಳ್ಳುವುದು ಇದರ ಲಕ್ಷಣಗಳು. ಬಟ್ಟಿ ತಿಕ್ಕುವವರು ಬರಿಹೊಟ್ಟೆಯಲ್ಲಿ ಹೊಕ್ಕುಳಿನ ಮೇಲೆ ಬೆರಳಿಟ್ಟು ಮಿಡಿತವನ್ನು ನೋಡುತ್ತಾರೆ. ಎಣ್ಣೆ ಹಚ್ಚಿ ನೀವುತ್ತಾರೆ. ಹೊಕ್ಕುಳಿನ ಮೇಲೆ ಉರಿವ ದೀಪವಿಟ್ಟು ಅದರ ಮೇಲೆ ತಂಬಿಗೆಯನ್ನು ಕವುಚುತ್ತಾರೆ. ಹಿಂದಿ ಪ್ರದೇಶಗಳಲ್ಲಿ ನಾಭಿ ಸರಿಯುವುದು ಎಂಬ ಹೆಸರಿನಲ್ಲಿ ಇದೇ ನಂಬಿಕೆ ವ್ಯಾಪಕವಾಗಿದೆ. ಇಲ್ಲಿ ಗಮನಿಸಬೇಕಾದದ್ದು ಬಟ್ಟಿಯ ನಿರುಪದ್ರವಿ ಸ್ವರೂಪ. ಬಟ್ಟಿ ಬಿದ್ದವರು ನರಳುತ್ತಾರೆ, ಸಾಯುವುದಿಲ್ಲ. ಅದು ಮತ್ತೆ ಮತ್ತೆ ಬೀಳುತ್ತದೆ, ಮತ್ತೆ ಮತ್ತೆ ಸರಿಹೋಗುತ್ತದೆ. ಮೈ ಕರಗುವುದು, ರಕ್ತ ಹೋಗುವುದು, ಜ್ವರ ಬರುವುದು ಬಟ್ಟಿಯ ಲಕ್ಷಣಗಳ ಪಟ್ಟಿಯಲ್ಲಿ ಇಲ್ಲ. ರಕ್ತ ಕಂಡರೆ ಹೆಸರು ಬದಲಾಗುತ್ತದೆ. ಮೈ ಇಳಿದರೆ ಮತ್ತೊಮ್ಮೆ ಬದಲಾಗುತ್ತದೆ.

ಶಾಸ್ತ್ರದ ಕಡೆಯಿಂದ

ಶಿಷ್ಟ ವೈದ್ಯಪರಂಪರೆಯಲ್ಲಿಯೂ ಇಂತಹ ಗೆರೆಗಳಿವೆ. ಚರಕಸಂಹಿತೆ ಅತಿಸಾರವನ್ನು ಆರು ಬಗೆಯಾಗಿ ವಿಂಗಡಿಸುವಾಗ ವಾತ, ಪಿತ್ತ, ಕಫ, ಸನ್ನಿಪಾತಗಳಿಂದ ಹುಟ್ಟುವ ನಾಲ್ಕರ ಜೊತೆಗೆ ಭಯದಿಂದ ಹುಟ್ಟುವ ಮತ್ತು ಶೋಕದಿಂದ ಹುಟ್ಟುವ ಎರಡನ್ನು ಪ್ರತ್ಯೇಕವಾಗಿ ಹೇಳುತ್ತದೆ. ಈ ಎರಡಕ್ಕೆ ವಾತವನ್ನು ತಣಿಸುವ ಉಪಚಾರದೊಂದಿಗೆ ರೋಗಿಯನ್ನು ಹರ್ಷಗೊಳಿಸುವುದು ಮತ್ತು ಸಾಂತ್ವನಗೊಳಿಸುವುದು ಚಿಕಿತ್ಸೆಯೆಂದು ವಿಧಿಸುತ್ತದೆ. ಮನಸ್ಸಿನ ಕ್ಷೋಭೆ ಕರುಳನ್ನು ಸಡಿಲಿಸಬಲ್ಲುದು, ಆಗ ಮಾತೇ ಮದ್ದಾಗಬಲ್ಲುದು ಎಂಬ ತಿಳಿವು ಇಲ್ಲಿದೆ. ರಕ್ತಾತಿಸಾರದ ಸ್ವರೂಪ ಇದಕ್ಕಿಂತ ಬೇರೆ. ಪಿತ್ತಾತಿಸಾರದ ರೋಗಿ ಅಪಥ್ಯವನ್ನು ಮುಂದುವರಿಸಿದಾಗ ರಕ್ತ ಕೆಡುತ್ತದೆ, ದಾಹ, ಉರಿ, ಗುದಪಾಕಗಳು ತೋರುತ್ತವೆ. ಅಲ್ಲಿ ಸಾಂತ್ವನದ ಮಾತಿಲ್ಲ. ಗಾಯವನ್ನು ಮಾಯಿಸುವ ಉಪಚಾರಗಳಿವೆ.

ಗ್ರಹಣಿಯ ವಿಚಾರ ಇನ್ನೂ ಸೂಕ್ಷ್ಮವಾಗಿದೆ. ಆಮಾಶಯ ಮತ್ತು ಪಕ್ವಾಶಯಗಳ ನಡುವೆ ಅಗ್ನಿಗೆ ಆಶ್ರಯವಾಗಿ ಅನ್ನವನ್ನು ಹಿಡಿದಿಡುವ ಅಂಗವೇ ಗ್ರಹಣಿ. ಅದು ಕೆಟ್ಟಾಗ ಮಲ ಒಮ್ಮೆ ಗಟ್ಟಿಯಾಗಿ, ಒಮ್ಮೆ ದ್ರವವಾಗಿ ಹೋಗುತ್ತದೆ. ಮಾಧವನಿದಾನದ ಪ್ರಚಲಿತ ಪಾಠದಲ್ಲಿ ಸಂಗ್ರಹಗ್ರಹಣಿ ಎಂಬ ಒಂದು ಬಗೆಯ ವರ್ಣನೆಯಿದೆ. ಕರುಳು ಗುಡುಗುಡಿಸುವುದು, ಆಲಸ್ಯ, ಲೋಳೆಯಿಂದ ಕೂಡಿದ ಮಲ, ಹತ್ತು ದಿನಕ್ಕೋ ಪಕ್ಷಕ್ಕೋ ತಿಂಗಳಿಗೋ ಮರುಕಳಿಸುವುದು ಅದರ ಲಕ್ಷಣಗಳು. ಅದು ಹಗಲಿನಲ್ಲಿ ಕೆರಳಿ ರಾತ್ರಿ ಶಾಂತವಾಗುತ್ತದೆ ಎಂದೂ, ತಿಳಿಯಲು ಕಷ್ಟ, ವಾಸಿ ಮಾಡಲು ಕಷ್ಟ, ಬಹುಕಾಲ ಬಿಡದು ಎಂದೂ ಹೇಳಿದೆ. ಹಗಲು ರಾತ್ರಿಯ ಈ ಗುರುತು ಅತ್ಯಂತ ಮಹತ್ವದ್ದು. ಇಂದಿನ ವೈದ್ಯರು ಐಬಿಎಸ್‌ನ್ನು ಐಬಿಡಿಯಿಂದ ಬೇರ್ಪಡಿಸಲು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಬೇನೆ ನಿದ್ದೆಯಿಂದ ಎಬ್ಬಿಸುತ್ತದೆಯೇ? ಕೆರಳುವ ಕರುಳು ಸಾಮಾನ್ಯವಾಗಿ ರೋಗಿಯೊಡನೆ ನಿದ್ರಿಸುತ್ತದೆ. ಹುಣ್ಣಾದ ಕರುಳಿಗೆ ಹಗಲು ರಾತ್ರಿಯ ಭೇದವಿಲ್ಲ.

ಇಷ್ಟಾದರೂ ಸಂಗ್ರಹಗ್ರಹಣಿಯೇ ಐಬಿಎಸ್, ರಕ್ತಾತಿಸಾರವೇ ಅಲ್ಸರೇಟಿವ್ ಕೊಲೈಟಿಸ್ ಎಂದು ಸಮೀಕರಿಸುವುದು ಚರಿತ್ರೆಗೆ ಮಾಡುವ ಅಪಚಾರ. ಇಂತಹ ಸಮೀಕರಣಗಳು ಇತ್ತೀಚೆಗೆ ಹೇರಳವಾಗಿವೆ. ರಕ್ತಾತಿಸಾರವೆಂಬ ಹೆಸರಿನಡಿ ಬ್ಯಾಕ್ಟೀರಿಯಾದಿಂದ ಬಂದ ರಕ್ತಭೇದಿ, ಅಮೀಬಾದಿಂದ ಬಂದದ್ದು, ಕರುಳಿನ ಕ್ಷಯ, ಗಡ್ಡೆ ಎಲ್ಲವೂ ಸೇರಿದ್ದಿರಲೇಬೇಕು. ಪ್ರಾಚೀನರು ರೋಗಗಳನ್ನಲ್ಲ, ಗುರುತುಗಳನ್ನು ಬೇರ್ಪಡಿಸಿದ್ದರು. ಆ ಗುರುತುಗಳಲ್ಲಿ ಕೆಲವು ಇಂದಿಗೂ ಸರಿಯಾಗಿವೆ ಎಂದಷ್ಟೇ ಹೇಳಬಹುದು. ಸರಿಯಾಗದವೂ ಇವೆ. ಮಲವನ್ನು ನೀರಿಗೆ ಹಾಕಿ, ಮುಳುಗಿದರೆ ಆಮ, ತೇಲಿದರೆ ಪಕ್ವ ಎಂದು ನಿರ್ಣಯಿಸುವ ಪರೀಕ್ಷೆ ಇಂದಿನ ವಿಭಜನೆಗೆ ಯಾವ ರೀತಿಯಲ್ಲೂ ಒದಗದು. ಲೋಳೆ ಎರಡೂ ಬೇನೆಗಳಲ್ಲಿ ಬೀಳುವುದರಿಂದ ಆಮವನ್ನು ನಂಬಿ ಏನನ್ನೂ ನಿರ್ಧರಿಸುವಂತಿಲ್ಲ. ನೆತ್ತರನ್ನು ನಂಬಿ ಬಹಳಷ್ಟನ್ನು ನಿರ್ಧರಿಸಬಹುದು.

ಮಾನ್ಯಖೇಟದ ಸಂಬಂಧ ಬರುವುದು ಉಗ್ರಾದಿತ್ಯಾಚಾರ್ಯನ ಮೂಲಕ. ಶ್ರೀನಂದಿಯ ಶಿಷ್ಯನಾದ ಈ ಜೈನಮುನಿ ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕ ಗ್ರಂಥ 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಯವರ ಸಂಪಾದಕತ್ವದಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಔಷಧಿಯಲ್ಲಿ ಮಾಂಸವನ್ನು ಬಳಸಬಾರದೆಂಬ ವಾದವನ್ನು ಅವನು ನೃಪತುಂಗ ವಲ್ಲಭನ ಸಭೆಯಲ್ಲಿ ಮಂಡಿಸಿದನೆಂದು ಗ್ರಂಥದ ಹಿತಾಹಿತಾಧ್ಯಾಯ ತಿಳಿಸುತ್ತದೆ. ಈ ನೃಪತುಂಗನನ್ನು ಮಾನ್ಯಖೇಟದಿಂದ ಆಳಿದ ಅಮೋಘವರ್ಷನೆಂದು (814–878) ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗಲೂ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯ ಈ ನಿಲುವನ್ನು ಕಾಯ್ದುಕೊಂಡ. ಚರಕನ ಅತಿಸಾರ ಚಿಕಿತ್ಸೆಯಲ್ಲಿ ಮಾಂಸರಸಗಳಿಗೆ ಸ್ಥಾನವಿದ್ದುದನ್ನು ನೆನೆದರೆ, ಜೈನ ವೈದ್ಯರು ಪಥ್ಯವನ್ನು ಧಾನ್ಯ, ಮಜ್ಜಿಗೆ, ತೊಗಟೆ, ಕಾಯಿಗಳ ಮೇಲೆ ಕಟ್ಟಬೇಕಾಯಿತು ಎಂಬುದು ಸ್ಪಷ್ಟ. ಗ್ರಹಣಿಗೆ ಮಜ್ಜಿಗೆಯನ್ನು ಚರಕನೇ ಹೊಗಳಿದ್ದಾನೆ. ಬಿಳಿಜೋಳದ ಈ ನಾಡಿನಲ್ಲಿ ಹೊಟ್ಟೆ ಕೆಟ್ಟವರಿಗೆ ಇಂದಿಗೂ ಮೊದಲು ಸಿಗುವುದು ಮಜ್ಜಿಗೆ ಬೆರೆಸಿದ ಅಂಬಲಿಯೇ. ಇದು ಶಾಸ್ತ್ರದಿಂದ ಜನಪದಕ್ಕೆ ಇಳಿಯಿತೋ ಜನಪದದಿಂದ ಶಾಸ್ತ್ರಕ್ಕೆ ಏರಿತೋ ಎಂಬ ವಾದದಲ್ಲಿ ಹೆಚ್ಚು ಪ್ರಯೋಜನವಿಲ್ಲ.

ಯುನಾನಿ ಪರಂಪರೆಯ ಕೊಡುಗೆಯನ್ನೂ ಕಡೆಗಣಿಸುವಂತಿಲ್ಲ. ಚಿಂಚೋಳಿಗೆ ಹತ್ತಿರವಾದ ಬೀದರಿನಲ್ಲಿ ಎರಡನೆಯ ಅಲಾವುದ್ದೀನ ಅಹಮದ್ ಬಹಮನಿ (1436–58) ಆಸ್ಪತ್ರೆಯೊಂದನ್ನು ಕಟ್ಟಿಸಿ, ಹಿಂದೂ ಮತ್ತು ಮುಸ್ಲಿಂ ವೈದ್ಯರಿಬ್ಬರನ್ನೂ ನೇಮಿಸಿದನೆಂದು ಫರಿಷ್ತಾ ಬರೆದಿದ್ದಾನೆ. ಬಿಜಾಪುರದಲ್ಲಿದ್ದ ಈ ಇತಿಹಾಸಕಾರ ಭಾರತೀಯ ವೈದ್ಯವನ್ನು ಕುರಿತು ಪಾರ್ಸಿಯಲ್ಲಿ ದಸ್ತೂರ್ ಉಲ್ ಅತಿಬ್ಬಾ ಎಂಬ ಗ್ರಂಥವನ್ನೂ ರಚಿಸಿದ. ಹಕೀಮರ ಶಾಸ್ತ್ರದಲ್ಲಿ ಮುಕ್ಕರಿಕೆಯ ಬೇನೆಯನ್ನು ಜಹೀರ್ ಎಂದು ಕರೆದು, ಅದನ್ನು ನಿಜವಾದದ್ದು, ಹುಸಿಯಾದದ್ದು ಎಂದು ವಿಭಜಿಸುತ್ತಾರೆ. ಹುಸಿಯಾದದ್ದು ಒಣಗಿ ನಿಂತ ಮಲದಿಂದ ಬರುವುದು. ಕರುಳಿನ ಒಳಪದರ ಕೆರೆದು ಗಾಯವಾಗುವುದಕ್ಕೆ ಸಹಜ್ ಎಂಬ ಬೇರೆ ಹೆಸರಿದೆ. ಒಂದೇ ಲಕ್ಷಣದ ಹಿಂದೆ ಗಾಯವಿರಬಹುದು, ಇಲ್ಲದಿರಲೂಬಹುದು ಎಂಬ ವಿವೇಕ ಇಲ್ಲಿ ಬಹು ಸ್ಪಷ್ಟವಾಗಿದೆ.

ಮದ್ದಿನ ಶಂಕೆ

ಈಗ ಮೂರನೆಯ ಹೆಸರಿಗೆ ಬರಬಹುದು. ಯೌವನದ ಗಂಡಸೊಬ್ಬ ಉಂಡದ್ದು ಮೈಗೆ ಹತ್ತದೆ, ಭೇದಿ ನಿಲ್ಲದೆ, ಬಿಳಿಚಿಕೊಂಡು ತಿಂಗಳು ತಿಂಗಳಿಗೆ ಕರಗತೊಡಗಿದರೆ ಊರು ಹುಡುಕುವ ವಿವರಣೆ ಮದ್ದು. ಯಾರೋ ಅನ್ನದಲ್ಲಿ ಏನನ್ನೋ ಬೆರೆಸಿ ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಅಂಟಿಕೊಂಡು ಬೆಳೆಯುತ್ತಿದೆ ಎಂಬ ನಂಬಿಕೆ ಕರ್ನಾಟಕದಾದ್ಯಂತ ಇದೆ. ಶಂಕೆ ಹೋಗುವುದು ಅನ್ನವಿಕ್ಕುವ ಕೈಯ ಮೇಲೆ. ಹೆಂಡತಿ, ಸೊಸೆ, ಅತ್ತೆ, ನೆರೆಯ ವಿಧವೆ, ಇಟ್ಟುಕೊಂಡವಳು ಹೀಗೆ ಆ ಕೈ ಬಹುಪಾಲು ಹೆಣ್ಣಿನದು. ಮದ್ದು ತೆಗೆಯುವವರು ವಾಂತಿ ಮಾಡಿಸಿ, ಹೊರಬಂದದ್ದರಲ್ಲಿ ಕೂದಲನ್ನೋ ಗಂಟನ್ನೋ ತೋರಿಸುತ್ತಾರೆ. ರೋಗಿ ಚೇತರಿಸಿಕೊಳ್ಳುವುದಿಲ್ಲ, ಹೆಣ್ಣಿನ ಮೇಲಿನ ಕಳಂಕ ಹೋಗುವುದೂ ಇಲ್ಲ.

ಇದನ್ನು ಅನಕ್ಷರಸ್ಥರ ಮೌಢ್ಯವೆಂದು ತಳ್ಳಿಹಾಕುವವರು ಚರಕಸಂಹಿತೆಯ ವಿಷಚಿಕಿತ್ಸೆಯ ಅಧ್ಯಾಯವನ್ನು ಒಮ್ಮೆ ನೋಡಬೇಕು. ಹೆಂಗಸರು ಗಂಡನನ್ನು ವಶಮಾಡಿಕೊಳ್ಳಲು ಬೆವರು, ರಜಸ್ಸು ಮೊದಲಾದ ಮೈಮಲಗಳನ್ನು ಅನ್ನದಲ್ಲಿ ಬೆರೆಸಿ ಕೊಡುತ್ತಾರೆ ಎಂಬ ಮಾತು ಅಲ್ಲಿಯೇ ಇದೆ. ಶತ್ರುಗಳು ಪ್ರಯೋಗಿಸುವ ಗರವನ್ನೂ ಜೊತೆಗೆ ಹೇಳಿದೆ. ಅದರಿಂದ ಮನುಷ್ಯ ಬಿಳಿಚಿಕೊಂಡು ಕೃಶನಾಗುತ್ತಾನೆ, ಅಗ್ನಿ ಕುಗ್ಗುತ್ತದೆ, ಗ್ರಹಣೀದೋಷ, ಯಕ್ಷ್ಮ, ಗುಲ್ಮ, ಜ್ವರಗಳು ತೋರುತ್ತವೆ ಎಂದು ಪಟ್ಟಿ ಮುಂದುವರಿಯುತ್ತದೆ. ಬಿಳಿಚಿಕೊಳ್ಳುವುದು, ಕೃಶತೆ, ಜ್ವರ, ಕೆಟ್ಟ ಗ್ರಹಣಿ: ಇಂದಿನ ವೈದ್ಯನೊಬ್ಬ ಇವನ್ನು ಒಟ್ಟಿಗೆ ಕಂಡರೆ ಐಬಿಎಸ್ ಎಂಬ ಮಾತನ್ನು ಕೂಡಲೇ ಬದಿಗಿಟ್ಟು ಕರುಳಿನ ಉರಿಯೂತವನ್ನೋ ಕ್ಷಯವನ್ನೋ ಹುಡುಕುತ್ತಾನೆ. ಗುರುತುಗಳನ್ನು ಗುಂಪುಗೂಡಿಸುವಲ್ಲಿ ಗ್ರಂಥವೂ ಜನಪದವೂ ತಪ್ಪಲಿಲ್ಲ. ತಪ್ಪಿದ್ದು ಕಾರಣವನ್ನು ಹೇಳುವಲ್ಲಿ. ಆ ತಪ್ಪಿನ ಬೆಲೆಯನ್ನು ತೆತ್ತವರು ಅಡುಗೆಮನೆಯಲ್ಲಿದ್ದವರು.

ಕನ್ನಡದಲ್ಲಿ ವಿಷವೈದ್ಯಕ್ಕೆ ಪ್ರತ್ಯೇಕವಾದ ಶಾಸ್ತ್ರಸಾಹಿತ್ಯವೇ ಬೆಳೆದಿತ್ತು. ಸುಮಾರು 1360ರ ಮಂಗರಾಜನ ಖಗೇಂದ್ರಮಣಿದರ್ಪಣ ಅದಕ್ಕೆ ನಿದರ್ಶನ. ವಿಷದ ಭಯ ಆಸ್ಥಾನದಿಂದ ಗುಡಿಸಲಿನವರೆಗೆ ಹಬ್ಬಿದ್ದ ಸಮಾಜದಲ್ಲಿ ಕಾಣದ ಕರುಳುಹುಣ್ಣನ್ನು ವಿಷವೆಂದು ಬಗೆದದ್ದು ಆಶ್ಚರ್ಯವಲ್ಲ. ಇದು ಭಾರತಕ್ಕೇ ಸೀಮಿತವಾದದ್ದೂ ಅಲ್ಲ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ಪಾಶ್ಚಾತ್ಯ ವೈದ್ಯದ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದೇ ವಿಷಪ್ರಾಶನದ ಒಂದು ಮೊಕದ್ದಮೆಯ ಮೂಲಕ. 1859ರಲ್ಲಿ ಇಂಗ್ಲೆಂಡಿನ ರಿಚ್ಮಂಡಿನಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಎಂಬ ಮಹಿಳೆ ಭೇದಿ, ವಾಂತಿಗಳಿಂದ ನರಳಿ ಸತ್ತಳು. ಇನ್ನೊಬ್ಬ ಹೆಂಡತಿ ಬದುಕಿರುವಾಗಲೇ ಅವಳನ್ನು ಮದುವೆಯಾಗಿದ್ದ ವೈದ್ಯ ಥಾಮಸ್ ಸ್ಮೆಥರ್ಸ್ಟ್ ವಿಷ ಹಾಕಿದನೆಂದು ಮರಣದಂಡನೆಗೆ ಗುರಿಯಾದ. ಪಾಷಾಣ ಸಿಕ್ಕಿತೆಂದು ಹೇಳಿದ್ದ ಪರೀಕ್ಷೆಯಲ್ಲಿ ಬಳಸಿದ ತಾಮ್ರದಲ್ಲಿಯೇ ಪಾಷಾಣವಿತ್ತೆಂಬುದು ಬೆಳಕಿಗೆ ಬಂದಿತ್ತು. ಕೊನೆಗೆ ಅವನಿಗೆ ಕೊಲೆಯ ಅಪರಾಧದಿಂದ ಕ್ಷಮಾದಾನ ದೊರೆಯಿತು. ಆಕೆಯ ಕರುಳನ್ನು ಪರೀಕ್ಷಿಸಿದ ಸ್ಯಾಮ್ಯುಯೆಲ್ ವಿಲ್ಕ್ಸ್ ಅದೇ ವರ್ಷ ಅದರ ಹುಣ್ಣುಗಳನ್ನು ವಿವರಿಸಿ ಬರೆದ ಪತ್ರವನ್ನು ಈ ಕಾಯಿಲೆಯ ಚರಿತ್ರೆಯ ಆರಂಭಬಿಂದುವೆಂದು ಪರಿಗಣಿಸಲಾಗಿದೆ. ಇಂಗ್ಲೆಂಡಿನ ನ್ಯಾಯಾಲಯಕ್ಕೂ ದಖ್ಖಣದ ಕಟ್ಟೆಗೂ ಎದುರಾದ ಪ್ರಶ್ನೆ ಒಂದೇ. ಅಲ್ಲಿ ಶವಪರೀಕ್ಷೆ ಇತ್ತು, ಇಲ್ಲಿ ಇರಲಿಲ್ಲ.

ರೈಲು, ಕಾರ್ಖಾನೆ ಮತ್ತು ಅಮೀಬಾದ ಯುಗ

1871ರ ಹೊತ್ತಿಗೆ ಮುಂಬಯಿಯಿಂದ ಬಂದ ರೈಲುಹಳಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂಗಳ ಮೂಲಕ ಸಿಕಂದರಾಬಾದಿಗೆ ನಿಜಾಮರ ಹಳಿ ತೆರೆಯಿತು. ಶಹಾಬಾದಿನ ಹಾಸುಗಲ್ಲು ಊರೂರಿಗೆ ಹೊರಟಿತು. ಮುಂದೆ ಶಹಾಬಾದ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು. ಗಣಿ ಮತ್ತು ಕಾರ್ಖಾನೆಗಳ ಕೂಲಿಕಾರರಿಗೆ ಊಟ ನಿದ್ದೆಗಳು ಪಾಳಿಯ ಗಂಟೆಗೆ ಒಳಪಟ್ಟವು. ಆಸ್ಪತ್ರೆ, ಕಂಪೌಂಡರು, ಗುಳಿಗೆಗಳೂ ಬಂದವು. ಹೊಟ್ಟೆಬೇನೆಯ ನಿಘಂಟಿಗೆ ಅಮೀಬಾ ಸೇರಿದ್ದು ಈ ದಾರಿಯಿಂದಲೇ.

ಸೂಕ್ಷ್ಮಜೀವಿಶಾಸ್ತ್ರ ರಕ್ತಭೇದಿಯನ್ನು ಎರಡಾಗಿ ಒಡೆದಿತ್ತು. ಅಮೀಬಾವನ್ನು 1875ರಲ್ಲಿ ರಷ್ಯಾದ ಲ್ಯೋಶ್, ಬ್ಯಾಕ್ಟೀರಿಯಾವನ್ನು 1897ರಲ್ಲಿ ಜಪಾನಿನ ಶಿಗಾ ಗುರುತಿಸಿದರು. 1912ರಲ್ಲಿ ಕಲಕತ್ತೆಯ ಲಿಯೊನಾರ್ಡ್ ರಾಜರ್ಸ್ ಎಮೆಟಿನ್ ಚುಚ್ಚುಮದ್ದನ್ನು ಬಳಕೆಗೆ ತಂದರು. 1960ರ ದಶಕದಲ್ಲಿ ಮೆಟ್ರೊನಿಡಜೋಲ್ ಬಂದಿತು. ಗೆಲುವು ದೊಡ್ಡದೇ. ಆದರೆ ಅದರ ನೆರಳಿನಲ್ಲಿ ಒಂದು ಗೊಂದಲ ಬೆಳೆಯಿತು. ವರ್ಷಗಟ್ಟಲೆ ಹೊಟ್ಟೆ ಕಡಿಯುವ, ಆಗಾಗ ಲೋಳೆ ಬೀಳುವ ಯಾರನ್ನಾದರೂ ಹಳೆಯ ಅಮೀಬಾ ರೋಗಿ ಎಂದು ಕರೆಯುವುದು ಭಾರತದಾದ್ಯಂತ ರೂಢಿಯಾಯಿತು. ಬಟ್ಟಿ ಬಿದ್ದವನು ಅಮೀಬಾ ರೋಗಿಯಾದ. ನೀವುವ ಕೈಯ ಜಾಗದಲ್ಲಿ ಗುಳಿಗೆಯ ಪಟ್ಟಿ ಬಂದಿತು. 1984ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ದಿಲ್ಲಿಯ ಅಧ್ಯಯನವೊಂದು ಮಲದಲ್ಲಿ ಅಮೀಬಾದ ಕೋಶಗಳಿರುವುದಕ್ಕೂ 'ಹಳೆಯ ಅಮೀಬಾ' ಎನ್ನುವ ಈ ತೊಂದರೆಗಳಿಗೂ ಸಂಬಂಧವಿದೆಯೆಂಬ ನಂಬಿಕೆಯನ್ನು ಪ್ರಶ್ನಿಸಿತು. 1993ರಲ್ಲಿ ರೋಗ ತರುವ ಅಮೀಬಾ ಬೇರೆ, ನೋಡಲು ಹಾಗೆಯೇ ಇದ್ದು ರೋಗ ತರದ ಅಮೀಬಾ ಬೇರೆ ಎಂಬುದು ಖಚಿತವಾಯಿತು. ಅಷ್ಟರಲ್ಲಿ ಎರಡು ತಲೆಮಾರು ಬೇಡದ ಗುಳಿಗೆಗಳನ್ನು ನುಂಗಿತ್ತು.

ಕೆರಳುವ ಕರುಳಿಗೆ ಸಕಾರಾತ್ಮಕ ಗುರುತುಗಳನ್ನು ಕೊಡುವ ಪ್ರಯತ್ನ ನಡೆದದ್ದು ತಡವಾಗಿ. 1978ರಲ್ಲಿ ಬ್ರಿಸ್ಟಲ್‌ನ ಮ್ಯಾನಿಂಗ್ ಮತ್ತು ಸಂಗಡಿಗರು, ವಿಸರ್ಜನೆಯ ಅನಂತರ ನೋವು ಇಳಿಯುವುದು, ನೋವು ಹುಟ್ಟಿದಾಗ ಮಲ ಸಡಿಲವಾಗುವುದು, ಪೂರ್ತಿ ಹೋಗಲಿಲ್ಲವೆಂಬ ಭಾವನೆ ಮೊದಲಾದ ಲಕ್ಷಣಗಳು ಒಟ್ಟಾದಷ್ಟೂ ಐಬಿಎಸ್ ಸಂಭವ ಹೆಚ್ಚೆಂದು ತೋರಿಸಿದರು. ರೋಮ್ ನಿಯಮಾವಳಿಯೆಂಬ ಹೆಸರಿನಲ್ಲಿ ಇದೇ ಪರಿಷ್ಕೃತವಾಗುತ್ತ ಬಂದು, ಅದರ ನಾಲ್ಕನೆಯ ಆವೃತ್ತಿ 2016ರಲ್ಲಿ ಹೊರಬಂದಿತು. ಪೂರ್ತಿ ಹೋಗಲಿಲ್ಲವೆಂಬ ಆ ಭಾವನೆಗೆ ಕನ್ನಡ ಶಂಕೆ ಎಂದು ಹೆಸರಿಟ್ಟು ಶತಮಾನಗಳಾಗಿದ್ದವು. ಇನ್ನೊಂದು ಕಡೆ, ಐಬಿಡಿ ಶೀತದೇಶಗಳ ಸಿರಿವಂತರ ಕಾಯಿಲೆ, ಭಾರತದಲ್ಲಿ ಅಪರೂಪ ಎಂಬ ಗ್ರಹಿಕೆ ಬಹುಕಾಲ ಉಳಿಯಿತು. 2003ರಲ್ಲಿ ಪ್ರಕಟವಾದ ಪಂಜಾಬಿನ ಸಮೀಕ್ಷೆ ಲಕ್ಷ ಜನರಲ್ಲಿ 44.3 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದನ್ನು ತೋರಿಸಿ ಆ ಗ್ರಹಿಕೆಯನ್ನು ಅಲುಗಿಸಿತು. ಭಾರತದ ಹಲವು ಕೇಂದ್ರಗಳು ಸೇರಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐಬಿಎಸ್ ಪ್ರಮಾಣ ಶೇ. 4.2 ಇತ್ತು. ಅಂದರೆ ಹೊಟ್ಟೆ ನುಲಿಯುವ ಬಹುಪಾಲು ಜನರಲ್ಲಿ ಹುಣ್ಣಿಲ್ಲ. ಹುಣ್ಣಿರುವ ಕೆಲವರು ಆ ಬಹುಪಾಲಿನ ನಡುವೆ ಕಾಣದಂತೆ ನಿಂತಿದ್ದಾರೆ.

ಹೀಗೆ ಕಾಣದಂತೆ ನಿಲ್ಲಲು ಮೂಲವ್ಯಾಧಿ ಎಂಬ ಹೆಸರು ವಿಶೇಷವಾಗಿ ನೆರವಾಗುತ್ತದೆ. ರಕ್ತ ಕಂಡರೆ ಮೂಲವ್ಯಾಧಿ ಎಂದು ನಿರ್ಧರಿಸುವುದು ಜನಪದದಲ್ಲಿ ಎಷ್ಟು ಸಹಜವೆಂದರೆ ರೋಗಿ ವೈದ್ಯನೆದುರು ಲಕ್ಷಣವನ್ನು ಹೇಳುವುದೇ ಇಲ್ಲ, ರೋಗನಿರ್ಣಯವನ್ನೇ ಹೇಳುತ್ತಾನೆ. ಕಾರದ ಚಟ್ನಿ, ಬಿಸಿಲು, ಉಷ್ಣ ಇವು ಸಿದ್ಧ ಕಾರಣಗಳು. ಪೇಟೆಯ ಗೋಡೆಗಳ ಮೇಲೆ ಮೂಲವ್ಯಾಧಿ, ಭಗಂದರ ಎಂದು ಜೋಡಿಯಾಗಿ ಬರೆದ ಜಾಹೀರಾತುಗಳು ಈ ನಂಬಿಕೆಯನ್ನು ಗಟ್ಟಿ ಮಾಡುತ್ತವೆ. ಸುಶ್ರುತ ವಿವರಿಸಿದ ಭಗಂದರವೆಂಬ ನಾಳಹುಣ್ಣು ಕ್ರೋನ್ಸ್ ಕಾಯಿಲೆಯ ಹೊರಗುರುತೂ ಆಗಿರಬಹುದು. ಅದನ್ನು ಹೊರಗಿನಿಂದಲೇ ಸುಟ್ಟು ಕೊಯ್ದು ಕಳಿಸಿದರೆ ಒಳಗಿನ ಬೇನೆ ಹಾಗೆಯೇ ಉಳಿಯುತ್ತದೆ. ಹೊಟ್ಟೆ ನೀವುವುದರಲ್ಲಿಯೂ ಅಪಾಯವಿದೆ: ಕೆರಳಿದ ಕರುಳಿಗೆ ಹಿತವೆನಿಸುವ ಕೈ, ಹುಣ್ಣಾಗಿ ತೆಳುವಾದ ಕರುಳಿಗೆ ಹಿತವಲ್ಲ.

ಇಂದು ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆದು, ಕರುಳಿನಲ್ಲಿ ಉರಿಯೂತವಿದೆಯೇ ಎಂಬುದನ್ನು ಬಹುಮಟ್ಟಿಗೆ ತಿಳಿಯಬಹುದು. ಅದು ಹೆಚ್ಚಿದ್ದರೆ ಕೊಲೊನೊಸ್ಕೋಪಿ ಮಾಡಿ, ಅಂಗಾಂಶದ ಚೂರನ್ನು ಪರೀಕ್ಷಿಸುತ್ತಾರೆ. ಆದರೆ ಸೋಂಕಿನಲ್ಲಿಯೂ ಕ್ಷಯದಲ್ಲಿಯೂ ಆ ಪ್ರಮಾಣ ಏರುತ್ತದೆ. ಭಾರತದಲ್ಲಿ ಕರುಳಿನ ಕ್ಷಯವು ಕ್ರೋನ್ಸ್ ಕಾಯಿಲೆಯನ್ನು ಎಷ್ಟು ನಿಕಟವಾಗಿ ಹೋಲುತ್ತದೆಂದರೆ ನುರಿತ ತಜ್ಞರೂ ತಡವರಿಸುತ್ತಾರೆ. ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು ಸ್ಟಿರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಆದುದರಿಂದಲೇ ಎಷ್ಟೋ ಸಂದರ್ಭಗಳಲ್ಲಿ ಮೊದಲು ಕ್ಷಯದ ಔಷಧಿಯನ್ನು ಕೊಟ್ಟು ಪರಿಣಾಮವನ್ನು ಕಾಯುವ ಕ್ರಮವಿದೆ. ಗರದ ಲಕ್ಷಣಗಳ ಪಟ್ಟಿಯಲ್ಲಿ ಚರಕ ಯಕ್ಷ್ಮವನ್ನೂ ಗ್ರಹಣಿಯನ್ನೂ ಅಕ್ಕಪಕ್ಕ ಇಟ್ಟದ್ದು ಇಲ್ಲಿ ನೆನಪಾಗದಿರದು.

ಯಂತ್ರಗಳಿಗೆ ಮುನ್ನ ಪ್ರಶ್ನೆಗಳಿವೆ, ಪ್ರಶ್ನೆಗಳು ಸ್ಥಳೀಯ ಬದುಕನ್ನು ಅರಿತು ಹುಟ್ಟಬೇಕು. ರಾತ್ರಿ ಎದ್ದು ಹೋಗಬೇಕಾಗುತ್ತದೆಯೇ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಚರಿಗಿ ಹಿಡಿದು ಬಯಲಿಗೆ ಹೋಗುವ ಊರುಗಳಲ್ಲಿ ಹೆಂಗಸರಿಗೆ ಕತ್ತಲೆಯೇ ಸಮಯವಾಗಿತ್ತು. ಬೆಳಗು ಹರಿಯುವ ಮುನ್ನ ಅಥವಾ ಹೊತ್ತು ಮುಳುಗಿದ ಮೇಲೆ. ಹಗಲೆಲ್ಲ ತಡೆದುಕೊಂಡವಳು ರಾತ್ರಿ ಹೋಗುತ್ತೇನೆ ಎಂದರೆ ಅದು ಹುಣ್ಣಾದ ಕರುಳಿನ ಗುರುತಾಗಲಾರದು. ನಿದ್ದೆ ಹತ್ತಿದ ಮೇಲೆ ಬೇನೆ ಎಬ್ಬಿಸಿತೇ ಎಂದು ಕೇಳಬೇಕಾಗುತ್ತದೆ. ಮನೆಯಲ್ಲಿ ಶೌಚಾಲಯ ಬಂದ ಮೇಲೂ ತಡೆದುಕೊಳ್ಳುವ ರೂಢಿ ಬೇಗನೆ ಹೋಗುವುದಿಲ್ಲ. ತೂಕ ಇಳಿದಿದೆಯೇ ಎಂಬ ಪ್ರಶ್ನೆಯದೂ ಇದೇ ಪಾಡು. ತಕ್ಕಡಿಯ ಮೇಲೆ ಎಂದೂ ನಿಲ್ಲದ ಮುದುಕಿಯಿಂದ ಕಿಲೋಗಳ ಲೆಕ್ಕ ಸಿಗದು. ಉಡದಾರ ಸಡಿಲಾಯಿತೇ, ಬಳೆ ಮೊಳಕೈಯತ್ತ ಸರಿಯಿತೇ, ಕುಪ್ಪಸಕ್ಕೆ ಮತ್ತೊಂದು ಹೊಲಿಗೆ ಹಾಕಿಸಬೇಕಾಯಿತೇ ಎಂದರೆ ಅವಳು ಯಾವ ಹಬ್ಬದಿಂದ ಎಂಬುದನ್ನೂ ಸೇರಿಸಿ ಹೇಳಬಲ್ಲಳು.